ಕೀಲಿಲ್ಲದ ಬಂದೂಕುಗಳು

ನಮ್ಮ ಅಂಗಡಿಯ ಹಿಂಗೋಡೆಗೆ ಕನ್ನ ಹಾಕಿ ಬಂದೂಕುಗಳನ್ನು ಹೊತ್ತೊಯ್ದಿದ್ದಾರೆಂದು ಗೊತ್ತಾದಾಗ ನನ್ನ ಕೈಯಲ್ಲಿ ಹೂವಿನ ಬುಟ್ಟಿ ಇತ್ತು. ಬುಟ್ಟಿಯ ಮೇಲೆ ಕನಕಾಂಬರ, ದೀಪದ ಬತ್ತಿ. ಕೆಳಗೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಕೀಲುಗಳು.

ಕೀಲು ಎಂದರೆ ಕೇಪಿನ ಬಂದೂಕಿನ ಪಕ್ಕಕ್ಕೆ ಕೂರಿಸಿದ ಕಬ್ಬಿಣದ ತಗಡು. ಮದ್ದಿಗೆ ಕಿಡಿ ಕೊಡುವ ಕೇಪಿನ ಮೇಲೆ ಬಡಿಯುವ ಕುದುರೆ, ಅದರ ಸ್ಪ್ರಿಂಗು ಎಲ್ಲ ಇರುವುದು ಅದರಲ್ಲೇ. ತಿರುಪು ಬಿಚ್ಚಿದರೆ ಕೀಲು ಇಡಿಯಾಗಿ ಕೈಗೆ ಬರುತ್ತದೆ. ಉಳಿದ ಬಂದೂಕಿನಿಂದ ಒಂದು ಕಾಗೆಯನ್ನೂ ಹೆದರಿಸಲಾಗದು.

ಬಂಗಾರಪೇಟೆಯಲ್ಲಿ ಬಂದೂಕು ಮಾರುವ, ರಿಪೇರಿ ಮಾಡುವ ಅಂಗಡಿ ನಮ್ಮಪ್ಪ ಜಯರಾಮಪ್ಪನದು. ಮನೆಯ ಹೆಣ್ಣುಮಗಳು ದೀಪ ಹಚ್ಚದೆ ಸಂಜೆ ಬಾಗಿಲು ಎಳೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ನಾನು ದೀಪ ಹಚ್ಚಲು ಹೋಗುವಷ್ಟರಲ್ಲಿ ಕೆಲಸಗಾರ ಆರುಮುಗಂ ಎಲ್ಲ ಬಂದೂಕುಗಳ ಕೀಲು ಬಿಚ್ಚಿಟ್ಟಿರುತ್ತಿದ್ದ. ಅವು ನನ್ನ ಬುಟ್ಟಿಯಲ್ಲಿ ಮನೆಗೆ ಬಂದು ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಮಲಗುತ್ತಿದ್ದವು. ಬೆಳಿಗ್ಗೆ ಕಸ ಗುಡಿಸಿ ರಂಗೋಲಿ ಹಾಕಲು ಹೋದಾಗ ಮತ್ತೆ ಅಂಗಡಿಗೆ. ಹೂವಿನ ಬುಟ್ಟಿ ಹಿಡಿದ ಹುಡುಗಿಯನ್ನು ಯಾರು ತಡೆದು ನೋಡುತ್ತಾರೆ?

ಈ ಉಪಾಯ ಆರುಮುಗಂನದು. "ಗೋಡೆ ಮಣ್ಣಿಂದು ಮೊದಲಾಳಿ. ಮುಂದ್ಗಡೆ ಎಷ್ಟು ಬೀಗ ಜಡಿದ್ರೂ ಕಳ್ಳ ಇಂದ್ಗಡೆಯಿಂದ ಬತ್ತಾನೆ," ಎಂದು ಯಜಮಾನನಾದ ಅಪ್ಪನಿಗೆ ಹೇಳಿದ್ದ. ಕಲ್ಲುಗೋಡೆ ಕಟ್ಟಿಸುವುದಕ್ಕಿಂತ ಇದು ಅಗ್ಗ ಎಂದು ಅಪ್ಪ ಒಪ್ಪಿದ. ಆದರೆ ಲೈಸೆನ್ಸಿನ ಪ್ರಕಾರ ಬಂದೂಕಿನ ಯಾವ ಭಾಗವೂ ರಾತ್ರಿ ಅಂಗಡಿಯಾಚೆ ಇರಕೂಡದು. ತಿಳಿದರೆ ಲೈಸೆನ್ಸು ಹೋಯಿತು. ಹಾಗಾಗಿ ಅದು ನಮಗೆ ಮೂವರಿಗೆ ಮತ್ತು ಮನೆ ನೋಡಿಕೊಳ್ಳುತ್ತಿದ್ದ ಅಪ್ಪನ ಅಕ್ಕ ಅಮ್ಮಾಜಮ್ಮನಿಗೆ ಮಾತ್ರ ಗೊತ್ತಿತ್ತು.

ಆ ಬೆಳಿಗ್ಗೆ ಅಂಗಡಿ ಮುಂದೆ ಜನ ಸೇರಿದ್ದರು. ನನ್ನನ್ನು ಕಂಡದ್ದೇ ಅಪ್ಪ ಮೆಟ್ಟಿಲಿಳಿದು ಬಂದ.

"ಬುಟ್ಟಿ ತಗೊಂಡು ಮನೆಗೆ ಓಗು. ಬಾಯಿ ಬಿಟ್ಟೀಯ, ಸಿಗಿದು ಆಕ್ಬಿಡ್ತೀನಿ."

ನಾನು ಮನೆಗೆ ಹೋಗಲಿಲ್ಲ. ಎದುರಿನ ಹೊಂಗೆ ಮರದ ಕೆಳಗೆ ನಿಂತೆ. ಆಗಲೇ ಆರುಮುಗಂ ದಿನವೂ ಬರುವ ಮಾರಿಕುಪ್ಪಂ ರೈಲು ಬಂದದ್ದು. ಆರುಮುಗಂ ಅನ್ನದ ಡಬ್ಬಿ ಹಿಡಿದುಕೊಂಡು, ಏನೂ ತಿಳಿಯದೆ ಜನರ ನಡುವೆ ನಡೆದು ಬಂದ.

"ನೋಡ್ರಪ್ಪಾ, ಅತ್ತೆ ಮನೆಗೆ ಬಂದಂಗೆ ಬತ್ತಾವ್ನೆ!" ಎಂದು ಅವನ ಕತ್ತುಪಟ್ಟಿ ಹಿಡಿದವನು ಬೂದಿಕೋಟೆಯ ರಾಮಚಂದ್ರಪ್ಪ. ಅವನ ಬಂದೂಕು ರಿಪೇರಿಗೆಂದು ನಮ್ಮಲ್ಲಿತ್ತು. "ಎಲ್ಲಿಟ್ಟಿದೀಯಲಾ ನನ್ನ ಬಂದೂಕು?"

"ಯಾವ ಬಂದೂಕು ಸಾಮಿ?"

"ಕನ್ನ ಸರ್ಯಾಗಿ ಬಂದೂಕಿನ ಗೂಡಿಗೇ ಬಿದ್ದೈತೆ. ಒಳಗೆ ಯಾವುದು ಎಲ್ಲೈತೆ ಅಂತ ಗೊತ್ತಿರೋನು ನಿನ್ನ ಬಿಟ್ರೆ ಯಾರು?"

ಆರುಮುಗಂ ತೆರೆದ ಬಾಗಿಲಲ್ಲಿ ಬಾಗಿ ಹಿಂಗೋಡೆಯ ತೂತು ನೋಡಿದ. ಅವನಿಗೆ ನಗು ಬಂತು. "ಅಯ್ಯೋ ಮುಟ್ಟಾಳ್! ಅದನ್ನ ತಗೊಂಡೋಗಿ ಏನು ಮಾಡ್ತಾನೆ? ಕೀಲೇ ಇಲ್ವಲ್ಲ! ಏಳಿ ಮೊದಲಾಳಿ, ಇವರ್ಗೆ ಏಳಿ."

ಎಲ್ಲರೂ ಅಪ್ಪನತ್ತ ತಿರುಗಿದರು. ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ಯಾವ ಕೀಲು? ಬಂದೂಕು ಎಂಗಿರ್ಬೇಕೋ ಅಂಗೇ ಇದ್ವು. ಸುಳ್ಳು ಬೊಗಳ್ತಾವ್ನೆ."

ಆರುಮುಗಂನ ನಗು ನಿಂತಿತು. ಅವನು ಅಪ್ಪನ ಮುಖವನ್ನೇ ನೋಡಿದ. ಅಪ್ಪ ನೋಡಲಿಲ್ಲ.

"ಠಾಣೆಗೆ ಕೊಡಾಣ," ಎಂದಿತು ಒಂದು ದನಿ.

"ಕೊಟ್ಟು? ಸರ್ಕಾರದ ಮುದ್ದೆ ತಿಂದು ದಪ್ಪಗಾಗಿ ಬತ್ತಾನೆ. ಆಮೇಲೆ ನಮ್ಮ ಮನೇಗೇ ಕನ್ನ ಆಕ್ತಾನೆ."

"ನನ್ನ ಕೇಳಿದ್ರೆ ಕೈ ಕಡೀಬೇಕು."

"ಕಡಿದ್ರೆ ರಕ್ತ, ರಂಪ," ಅಂದ ರಾಮಚಂದ್ರಪ್ಪ. "ಬೆರಳು ಜಜ್ಜಿದ್ರೆ ಸಾಕು. ಎತ್ತಿನ ಗಾಡೀಗೆ ಸಿಕ್ತು ಅಂತ ಏಳಾಣ. ದಫೇದಾರ್ರು ಬರೋ ಒಳಗೆ ಮುಗಿಸ್ಬೇಕು. ಒಬ್ಬನಿಗೆ ಆದ್ರೆ ಇನ್ನು ಅತ್ತು ಜನ ಕೈ ಚಾಚಲ್ಲ."

ಅಂಗಡಿಯೊಳಗಿದ್ದ ಕಬ್ಬಿಣದ ಅಡಿಗಲ್ಲನ್ನು ಜಗಲಿಗೆ ಎಳೆದರು. ದಿನವೂ ಆರುಮುಗಂ ತಗಡು ಬಡಿಯುತ್ತಿದ್ದ ಅದೇ ಅಡಿಗಲ್ಲು. ನಾನು ಹೆಜ್ಜೆ ಎತ್ತುವಷ್ಟರಲ್ಲಿ ಹಿಂದಿನಿಂದ ಯಾರೋ ಬುಟ್ಟಿ ಹಿಡಿದೆಳೆದರು. ಅಮ್ಮಾಜತ್ತೆ.

"ಬಾರೇ ಮನೆಗೆ. ಬಾವೀಗೆ ಸುರಿದ್ಬಿಡಾಣ."

"ಬಿಡತ್ತೆ. ಅವನ ಕೈ ಓಯ್ತದೆ."

"ಓಗ್ಲಿ. ಲೈಸೆನ್ಸು ಓದ್ರೆ ನಿನ್ನ ಗಂಜಿ ಓಯ್ತದೆ, ನಿನ್ನ ಮದುವೆ ಓಯ್ತದೆ. ಅವನ್ಯಾರೇ ನಿಂಗೆ? ಒಡಹುಟ್ಟಿದೋನಾ?"

ಅವಳ ಉಗುರು ನನ್ನ ಮುಂಗೈಗೆ ಇಳಿಯಿತು. ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಅವಳ ಭುಜದಾಚೆ ಜಗಲಿ ನೇರವಾಗಿ ಕಾಣುತ್ತಿತ್ತು. ಆರುಮುಗಂನ ಮಣಿಕಟ್ಟನ್ನು ಅಡಿಗಲ್ಲಿನ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದವನು ನಮ್ಮಪ್ಪ. ಸುತ್ತಿಗೆ ಎತ್ತಿದವನು ರಾಮಚಂದ್ರಪ್ಪ. ಆರುಮುಗಂ ಕೂಗಿದ ಕೂಗಿಗೆ ಅತ್ತೆಯ ಕೈ ಸಡಿಲವಾಯಿತು.

ಎರಡನೇ ಏಟಿಗೆ ಸುತ್ತಿಗೆ ಮೇಲೇಳುವಾಗ ನಾನು ಓಡಿಹೋಗಿ ಬುಟ್ಟಿಯನ್ನು ಅಡಿಗಲ್ಲಿನ ಮೇಲೆಯೇ ಬೋರಲು ಹಾಕಿದೆ. ಹೂವು, ಬತ್ತಿ, ಕೀಲುಗಳು ಎಲ್ಲ ಆರುಮುಗಂನ ಕೈಯ ಸುತ್ತ ಬಿದ್ದವು. ಒಂದು ಕೀಲನ್ನು ಎತ್ತಿ ರಾಮಚಂದ್ರಪ್ಪನ ಮುಖದ ಮುಂದೆ ಹಿಡಿದೆ. ಅದರ ಮೇಲೆ ಹಿತ್ತಾಳೆಯ ನವಿಲಿತ್ತು. ಅವನೇ ಹೇಳಿ ಕೂರಿಸಿಕೊಂಡಿದ್ದ ನವಿಲು.

"ಇದು ಯಾರದು? ನಿಮ್ಮದು ತಾನೇ? ಇವನ್ನ ದಿನಾ ಸಂಜೆ ಬಿಚ್ಚಿ ನನ್ನ ಕೈಗೆ ಕೊಡೋನೇ ಆರುಮುಗಣ್ಣ. ಕದಿಯೋನಾಗಿದ್ರೆ ಕೀಲಿಲ್ದಿರೋ ಬಂದೂಕು ಯಾಕೆ ಒತ್ಕೊಂಡೋಯ್ತಾನೆ? ಕದ್ದಿರೋನು ಈ ವಿಷ್ಯ ಗೊತ್ತಿಲ್ದೋನು."

ರಾಮಚಂದ್ರಪ್ಪ ನವಿಲನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಪ್ಪ ಎದ್ದು ನನ್ನ ಕೆನ್ನೆಗೆ ಬಾರಿಸಿದ.

"ಮನೆ ಗುಡಿಸಿ ಆಕ್ಬಿಟ್ಯಲ್ಲೇ!"

ಠಾಣೆಯ ದಫೇದಾರರು ಬಂದಾಗ ಕೀಲುಗಳು ಇನ್ನೂ ಅಡಿಗಲ್ಲಿನ ಮೇಲೇ ಇದ್ದವು. ಅವರು ಅವನ್ನು ಕಟ್ಟಿಸಿಕೊಂಡರು, ಅಂಗಡಿಗೆ ಸರ್ಕಾರದ ಬೀಗ ಹಾಕಿಸಿದರು, ಆಮೇಲೆ ಪೇದೆಗಳಿಗೆ ಹೇಳಿದರು: "ಕೀಲಿಲ್ಲದೆ ಆ ಬಂದೂಕು ಯಾವನೂ ಕೊಳ್ಳಲ್ಲ. ಸುತ್ತಮುತ್ತ ಇರೋ ಕಮ್ಮಾರರಿಗೆಲ್ಲ ಹೇಳಿಬನ್ನಿ. ಕೀಲು ಮಾಡಿಕೊಡು ಅಂತ ಬಂದೋನನ್ನ ಮಾತಾಡಿಸ್ತಾ ಕೂರಿಸ್ಕೊಳ್ಳಲಿ."

ಆ ವಾರವೇ ಕ್ಯಾಸಂಬಳ್ಳಿಯ ಕುಲುಮೆಯಲ್ಲಿ ಒಬ್ಬ ಸಿಕ್ಕಿಬಿದ್ದ. ಹೆಸರು ಸೀನಪ್ಪ, ರಾಮಚಂದ್ರಪ್ಪನ ತಂಗಿಯ ಮಗ. ಮಾವನ ಬಂದೂಕನ್ನು ನಮ್ಮಲ್ಲಿಗೆ ರಿಪೇರಿಗೆ ತಂದುಕೊಟ್ಟಿದ್ದವನು ಅವನೇ. ಗೂಡು ಎಲ್ಲಿದೆ ಎಂದು ಅಂದೇ ನೋಡಿಕೊಂಡಿದ್ದ.

ನಮ್ಮನ್ನೆಲ್ಲ ಠಾಣೆಗೆ ಕರೆಸಿದರು. ಸೀನಪ್ಪ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ರಾಮಚಂದ್ರಪ್ಪ ಪೇಟ ಕೈಯಲ್ಲಿ ಹಿಡಿದು ನಿಂತಿದ್ದ.

"ಚಿಕ್ಕ ವಯಸ್ಸು ಸಾಮಿ. ಸಹವಾಸ ದೋಷ. ನಾಲ್ಕು ಏಟಾಕಿ ಬಿಟ್ಬಿಡಿ. ಜೈಲಿಗೆ ಓದ್ರೆ ಅವನ ಬಾಳೇ ಆಳಾಯ್ತದೆ."

"ಕಳ್ಳನ ಬೆರಳು ಜಜ್ಜಬೇಕು ಅಂತ ಯಾರೋ ಅಂದಿದ್ರಂತೆ," ಅಂದರು ದಫೇದಾರರು. "ಆ ಲೆಕ್ಕದಲ್ಲಿ ಇವನಿಗೇನು ಮಾಡೋಣ?"

ರಾಮಚಂದ್ರಪ್ಪ ಪೇಟವನ್ನು ಎದೆಗೊತ್ತಿಕೊಂಡ.

"ಇವನ ಶಿಕ್ಷೆ ಕೋರ್ಟು ನೋಡ್ಕೊಳ್ಳುತ್ತೆ. ಈಗ ಈ ಕೈ ವಿಷಯ." ಅವರು ಬೆಂಚಿನ ಮೇಲಿದ್ದ ಆರುಮುಗಂನನ್ನು ತೋರಿಸಿದರು. ಅವನ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಮೂರು ಬೆರಳು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಹೇಳಿದ್ದರು. "ಇವನು ಇಬ್ಬರ ಹೆಸರು ಹೇಳಿದಾನೆ. ಇವನೊಬ್ಬನ ಮಾತು ಸಾಲದು. ನೋಡಿದೋರು ಯಾರು?"

ಅಂದು ಜಗಲಿಯ ಮೇಲಿದ್ದವರೆಲ್ಲ ಅಲ್ಲಿದ್ದರು.

"ಗುಂಪು ಸಾಮಿ. ಗೊತ್ತಾಗ್ಲಿಲ್ಲ."

"ನಾನು ಆಗ ಬೀಡಿ ತರಕ್ಕೋಗಿದ್ದೆ."

"ಅವನೇ ಕೊಸರಾಡಿ ಕೈ ಬಡಿಸ್ಕೊಂಡ ಅನ್ಸುತ್ತೆ."

ಆರುಮುಗಂ ಅವರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನಮ್ಮ ಮನೆಯವರು ಯಾರೂ ಅವನಿಗೆ ಬೇಕಿರಲಿಲ್ಲ. ಎಡಗೈಯಲ್ಲಿ ಬಲಗೈಯನ್ನು ಮಗುವಿನಂತೆ ಎತ್ತಿ ಹಿಡಿದು ನೆಲ ನೋಡುತ್ತಿದ್ದ.

ಅಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ತುಟಿ ಅಲುಗದಂತೆ ಹೇಳಿದ: "ಇನ್ನೊಂದು ಮಾತಾಡಿದ್ರೆ ನೀನು ನನ್ನ ಮಗಳೇ ಅಲ್ಲ."

ನಾನು ಮುಂದೆ ಹೋದೆ.

"ಸುತ್ತಿಗೇಲಿ ಬಡಿದೋರು ರಾಮಚಂದ್ರಪ್ಪನೋರು," ಅಂದೆ. ದನಿ ಸಣ್ಣದಾಗಿತ್ತು. ದಫೇದಾರರು ಮುಂದಕ್ಕೆ ಬಾಗಿದರು. "ಕೈ ಅದುಮಿ ಇಡಿದಿದ್ದೋರು ನಮ್ಮಪ್ಪ."

ಪೇದೆಯೊಬ್ಬ ಹೇಳಿಕೆ ಬರೆದು ನನ್ನ ಮುಂದೆ ತಳ್ಳಿದ. ಶಾಯಿಯ ಪ್ಯಾಡನ್ನೂ ತಳ್ಳಿದ.

"ಹೆಬ್ಬೆಟ್ಟು ಒತ್ತಮ್ಮಾ."

"ಬರೆಯಕ್ಕೆ ಬತ್ತದೆ," ಅಂದೆ. ಸೀಸದ ಕಡ್ಡಿ ಇಸಕೊಂಡು, ಅಪ್ಪನ ಕಣ್ಣೆದುರಿಗೇ, ಒಂದೊಂದೇ ಅಕ್ಷರ ಕೂಡಿಸಿ ಬರೆದೆ: ಜಯರಾಮಪ್ಪನ ಮಗಳು ಗಂಗರತ್ನಮ್ಮ.