ಅಪ್ಪನ ರಬ್ಬರ್ ಪೈಪು

ಅಪ್ಪನಿಗೆ ಕೊನೆಯದಾಗಿ ತೊಡಿಸಬೇಕಾದ ನೀಲಿ ಅಂಗಿಯ ತೋಳಿನಲ್ಲಿದ್ದ ಗ್ರೀಸ್ ಕಲೆಯನ್ನು ಮಗಳು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಕಾರು ಗುಡುಗಿತು. ಅವಳ ಕೈ ನಿಂತಿತು.

“ಶುರುವಾಯ್ತು ನೋಡು,” ಅಂದರು ಬಾಗಿಲಲ್ಲಿ ಕೂತಿದ್ದ ಸೋದರತ್ತೆ. “ನಮ್ಮಣ್ಣನಿಗೆ ಅದು ಹಿರೀ ಹೆಂಡತಿ. ಇವತ್ತೂ ಅದೇ ಮುಂದೆ.”

ಕಾರುಗಳ ಯಜಮಾನರು ಬೆಳಿಗ್ಗೆಯೇ ಹೇಳಿ ಕಳಿಸಿದ್ದರು. ಮೂವತ್ತು ವರ್ಷ ತಮ್ಮ ಎರಡು ಇಟಲಿ ಕಾರುಗಳನ್ನು ಮಕ್ಕಳಂತೆ ನೋಡಿಕೊಂಡ ಮೆಕ್ಯಾನಿಕ್ಕಿನ ಹಿಂದೆ ಎರಡೂ ಸ್ಮಶಾನದವರೆಗೆ ಹೋಗಲಿ. ಅರವತ್ತರ ದಶಕದ್ದನ್ನು ಮಗ ಓಡಿಸಲಿ, ಎಂಬತ್ತರದ್ದನ್ನು ಮಗಳು.

“ನಿನ್ನ ಕಾರೇನು ಕಮ್ಮಿಯೇ?” ಅತ್ತೆ ಸಮಾಧಾನ ಮಾಡಿದರು. “ಮುಂದಿನ ದೀಪ ತಾನೇ ಮೇಲೇಳುತ್ತೆ, ಮತ್ತೆ ಒಳಗೆ ಹೋಗುತ್ತೆ.”

“ಕಪ್ಪೆ ಕಣ್ಣಿನ ಥರ,” ಅಂದಳು ಅವಳು.

*

ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೆ ಹದಿನೇಳು, ಅಣ್ಣನಿಗೆ ಇಪ್ಪತ್ತು. ಹಳೆಯ ಕಾರಿಗೆ ಗಾಳಿ ಪೆಟ್ರೋಲು ಬೆರೆಸುವ ಆರು ಕಾರ್ಬೊರೇಟರು. ಆರೂ ಒಂದೇ ಸಮ ಉಸಿರೆಳೆಯಬೇಕು. ಅಪ್ಪ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟು, ಇನ್ನೊಂದನ್ನು ಒಂದೊಂದರ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ತಿರುಪು ತಿರುಗಿಸುತ್ತಿದ್ದರು. ಒಂದು ದಿನ ಆ ಪೈಪನ್ನು ಅಣ್ಣನ ಕೈಗಿತ್ತರು.

ಅವಳಿಗೆ ಸಿಕ್ಕಿದ್ದು ಹೊಸ ಕಾರು. ಅದರಲ್ಲಿ ಪೆಟ್ರೋಲನ್ನು ಯಂತ್ರವೇ ಅಳೆದು ಚಿಮ್ಮಿಸುತ್ತದೆ, ಕಿವಿಯ ಕೆಲಸವಿಲ್ಲ. ಇಂಜಿನ್ನಿನ ಹಲ್ಲಿನ ಬೆಲ್ಟನ್ನು ಗುರುತಿಗೆ ಗುರುತು ಕೂಡಿಸಿ ಹಾಕಬೇಕು, ಅಷ್ಟೆ. “ಇದು ನಿಂದು,” ಎಂದವರೇ ಅಪ್ಪ ಊಟಕ್ಕೆ ಹೊರಟುಹೋದರು.

ಅಣ್ಣನಿಗೆ ಕೆನೆ, ತನಗೆ ನೀರುಮಜ್ಜಿಗೆ. ಇಪ್ಪತ್ತೆರಡು ವರ್ಷ ಅವಳ ಹೊಟ್ಟೆ ಉರಿಯಿತು. ಆ ಪೈಪಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ, ಕೇಳಿದರೆ ಸೋತಂತೆ.

*

ಒದ್ದೆ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡೇ ಶೆಡ್ಡಿಗೆ ಹೋದಳು. ಅಣ್ಣ ಇಂಜಿನ್ ನಿಲ್ಲಿಸಿದ. ಪೈಪು ಅವನ ಕೊರಳಲ್ಲಿತ್ತು.

“ಚೆನ್ನಾಗಿ ಮೆರಿ,” ಅಂದಳು. “ಒಳ್ಳೇದನ್ನೆಲ್ಲ ಅಪ್ಪ ನಿನಗೇ ಕೊಟ್ಟರಲ್ಲ.”

“ಒಳ್ಳೇದಾ?” ಅಣ್ಣ ಬಾನೆಟ್ಟಿಗೆ ಒರಗಿದ. “ನಿನ್ನ ಕಾರಿನ ಬೆಲ್ಟು ಮೊದಲು ಹಾಕಿದ್ದು ನಾನು. ಮೂರು ಹಲ್ಲು ತಪ್ಪಿಸಿದ್ದೆ. ಅಪ್ಪ ಸ್ಟಾರ್ಟ್ ಮಾಡೋಕೆ ಮುಂಚೆ ಕೈಯಲ್ಲಿ ತಿರುಗಿಸಿ ನೋಡಿದ್ದಕ್ಕೆ ಇಂಜಿನ್ ಉಳೀತು, ಇಲ್ಲದಿದ್ರೆ ಒಳಗೆಲ್ಲ ಪುಡಿಪುಡಿ. ಬೈಯಲಿಲ್ಲ. ಮಾರನೇ ದಿನ ಇದನ್ನ ಕೊಟ್ಟರು. ಇದರಲ್ಲಿ ತಪ್ಪಿದ್ರೆ ಕಾರು ಕೆಮ್ಮುತ್ತೆ, ಮತ್ತೆ ತಿರುಪು ತಿರುಗಿಸಿದ್ರಾಯ್ತು. ನಿನ್ನ ಕಾರನ್ನ ಮಾತ್ರ ಸಾಯೋವರೆಗೂ ಮುಟ್ಟೋಕೆ ಬಿಡಲಿಲ್ಲ.”

ಅಣ್ಣ ಅವಳತ್ತ ತಿರುಗಿದ.

“ನೀನು ಬೆಲ್ಟ್ ಹಾಕೋವಾಗ ಅಪ್ಪ ಯಾವತ್ತಾದ್ರೂ ಪಕ್ಕದಲ್ಲಿ ನಿಂತಿದ್ರಾ?”

ಒಂದು ಸಲವೂ ನಿಂತಿರಲಿಲ್ಲ. ಅದನ್ನು ಅವಳು ಅಸಡ್ಡೆ ಎಂದೇ ತಿಳಿದಿದ್ದಳು.

“ನನ್ನ ಬೆನ್ನ ಹಿಂದೆ ಕೊನೇವರೆಗೂ ನಿಂತಿರ್ತಿದ್ರು. ಅವರ ಉಸಿರು ಕುತ್ತಿಗೆಗೆ ತಾಗೋದು. ಆಚೆ ನೀನು ಒಬ್ಬಳೇ ಹಾಡಿಕೊಂಡು ಕೆಲಸ ಮಾಡ್ತಿದ್ದೆ. ನಿನ್ನ ಕಂಡ್ರೆ ನನಗೆ ಎಷ್ಟು ಉರೀತಿತ್ತು ಗೊತ್ತಾ?”

“ಸ್ಮಶಾನದ ಗಾಡಿ ಬಂತು, ಅಂಗಿ ಎಲ್ಲೇ?” ಅತ್ತೆ ಒಳಗಿನಿಂದ ಕೂಗಿದರು.

ಅಂಗಿಯ ತೋಳಿನಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಅಣ್ಣನ ಕೊರಳಿನಿಂದ ಪೈಪನ್ನು ತೆಗೆದು, ಸವೆದು ನುಣುಪಾಗಿದ್ದ ತುದಿಯನ್ನು ಕಿವಿಗಿಟ್ಟುಕೊಂಡಳು.

“ಅಣ್ಣಾ, ಅಪ್ಪನಿಗೆ ಇದರಲ್ಲಿ ಏನು ಕೇಳಿಸ್ತಿತ್ತು?”