ಬೇರೆಯವರ ಹೆಸರಿನ ಕೆಳಗೆ

“ಹಾಗಾದ್ರೆ ನಂದು ಅನ್ನೋದು ಯಾವುದು?”

ಗೋಡೆಯಾಚೆ ತಮ್ಮ ಕೇಳಿದ. ಯಾರನ್ನೂ ಅಲ್ಲ. ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ಇದ್ದದ್ದು ಹಳೆಯ ಟ್ರಂಕುಗಳು, ಸುತ್ತಿಟ್ಟ ಹಾಸಿಗೆ, ಕೆಟ್ಟುಹೋದ ಫ್ಯಾನು. ಅದು ನಮ್ಮ ಮನೆಯ ಸಾಮಾನಿನ ಕೋಣೆ. ಕಿಟಕಿಯಿಲ್ಲ. ಬಾಗಿಲು ಒಳಕ್ಕೆ ತೆರೆದು ಅವನ ಕುರ್ಚಿಗೇ ಬಡಿಯುತ್ತದೆ. ಹೊರಗೆ ಬರಬೇಕಾದರೆ ಕುರ್ಚಿಯನ್ನು ಮೇಜಿನಡಿಗೆ ತಳ್ಳಿ, ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನಡೆಯಬೇಕು.

ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿದೆ. ಆಗ ಅವನು ಪತ್ರಿಕೆಯ ಸಂಪಾದಕರ ಉತ್ತರವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿಕೊಂಡ. “ನಿಮ್ಮ ಲೇಖನದಲ್ಲಿ ನಮ್ಮ ಹಿರಿಯ ಅಂಕಣಕಾರರ ಅನುಕರಣೆ ಎದ್ದು ಕಾಣುತ್ತದೆ. ದಯವಿಟ್ಟು ನಿಮ್ಮದೇ ದನಿ ಹುಡುಕಿಕೊಳ್ಳಿ.”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಏಕೆಂದರೆ ಆ ಹಿರಿಯರ ಅಂಕಣವನ್ನು ಬರೆಯುತ್ತಿದ್ದವನು ಇವನೇ.

ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಬಿಟ್ಟು, ಇನ್ನು ಬರೆದೇ ಬದುಕುತ್ತೇನೆಂದು ಅವನು ನಮ್ಮಲ್ಲಿಗೆ ಬಂದಿದ್ದ. ತನ್ನ ಹೆಸರಿನಲ್ಲಿ ಒಂದೇ ಒಂದು ಲೇಖನ ಅಚ್ಚಾದರೆ ಸಾಕು, ಆಮೇಲೆ ದಾರಿ ತಾನಾಗಿ ತೆರೆಯುತ್ತದೆ ಎಂಬುದು ಅವನ ನಂಬಿಕೆ. ಅವನು ಬಂದ ದಿನವೇ ನನ್ನ ಯಜಮಾನರು ಅವನಿಗೆ ‘ಸಾಹಿತಿಗಳು’ ಎಂದು ನಾಮಕರಣ ಮಾಡಿದರು.

“ಸಾಹಿತಿಗಳೇ, ಲೋಕೋದ್ಧಾರದ ಮಧ್ಯೆ ಗ್ಯಾಸ್ ಸಿಲಿಂಡರ್ ತರೋಕೆ ಬಿಡುವಾಗುತ್ತಾ?”

ತರುತ್ತಿದ್ದ. ಇನ್ನೊಬ್ಬರ ಮನೆಯಲ್ಲಿ ಉಂಡವನ ಬಾಯಿ ಬೇಗ ಕಟ್ಟಿಹೋಗುತ್ತದೆ.

ಕಳಿಸಿದ್ದೆಲ್ಲ ಹಿಂದಕ್ಕೆ ಬರುತ್ತಿದ್ದ ಕಾಲದಲ್ಲಿ, ಮುದ್ರಣಾಲಯದ ದಿನಗಳಿಂದ ಅವನನ್ನು ಬಲ್ಲ ಆ ಅಂಕಣಕಾರರು ಅವನನ್ನು ಕರೆಸಿಕೊಂಡರು. ಅವರಿಗೆ ಕಣ್ಣು ಮಂಜಾಗಿತ್ತು, ಅಂಕಣ ಬಿಡಲು ಮಾತ್ರ ಮನಸ್ಸಿರಲಿಲ್ಲ. ಬರೆಯುವುದು ಇವನು, ಹೆಸರು ಅವರದು, ಇವನ ಕೈಗೆ ನಾಲ್ಕು ಕಾಸು, ಯಾರಿಗೂ ಹೇಳಕೂಡದು. ಮುಂದೆ ಸಂಪಾದಕರಿಗೆ ಇವನ ಪರಿಚಯ ಮಾಡಿಸುತ್ತಾರಂತೆ. ಆ ‘ಮುಂದೆ’ ಮಾತ್ರ ಇನ್ನೂ ಹಿಂದೆಯೇ ಇತ್ತು.

ಇದನ್ನು ಅವನು ನನಗೂ ಹೇಳಿರಲಿಲ್ಲ. ಒಂದು ಭಾನುವಾರ ಯಜಮಾನರು ಕಾಲು ನೀಡಿ ಕೂತು ಪತ್ರಿಕೆಯನ್ನು ಗಟ್ಟಿಯಾಗಿ ಓದಿದಾಗ ತಿಳಿಯಿತು. ಬಸ್ಸಿನಲ್ಲಿ ಪಕ್ಕದವನು ಹೆಗಲಿಗೆ ತಲೆಯಾನಿಸಿ ನಿದ್ದೆಹೋದನೆಂದು, ಎಬ್ಬಿಸಲಾರದೆ ತನ್ನ ನಿಲ್ದಾಣ ದಾಟಿಹೋದ ಮನುಷ್ಯನ ಪ್ರಸಂಗ. ವಾರವಿಡೀ ಗೋಡೆಯಾಚೆಯಿಂದ ನಾನು ಕೇಳಿದ್ದ ಸಾಲುಗಳೇ.

“ಆಹಾ! ನೋಡಪ್ಪಾ ಸಾಹಿತಿ, ಬರೆಯೋದು ಅಂದ್ರೆ ಇದು. ನೀನೂ ಇದ್ದೀಯ, ಕಾಗದಕ್ಕೆ ಶತ್ರು.”

“ಹೌದು ಭಾವ.”

“ಹೌದು ಅಂದ್ರೆ ಆಗಲ್ಲ. ಇದನ್ನ ಕತ್ತರಿಸಿ ಗೋಡೆಗೆ ಅಂಟಿಸ್ಕೋ. ದಿನಾ ಓದು. ಕತ್ತೆಗೂ ಬುದ್ಧಿ ಬರುತ್ತೆ.”

“ಸರಿ ಭಾವ.”

ನಿಜಕ್ಕೂ ಅಂಟಿಸಿಕೊಂಡ. ಅಂದಿನಿಂದ ಅಂಕಣಕಾರರ ಭಾವಚಿತ್ರ ಕಿಟಕಿಯಿರಬೇಕಾದ ಕಡೆಯಿಂದ ಅವನನ್ನು ನೋಡತೊಡಗಿತು.

ಯಜಮಾನರು ಆಚೆ ಹೋದ ಮೇಲೆ ಕೇಳಿದೆ. “ನಿಂದೇ ಅಲ್ವೇನೋ ಅದು?”

“ಮೆಲ್ಲಗೆ, ಅಕ್ಕಾ. ಗೊತ್ತಾದ್ರೆ ಇದೂ ಹೋಗುತ್ತೆ.”

“ನಿನಗೇ ಅಂತ ಏನೂ ಬರೀತಿಲ್ವಾ?”

“ಬರೆಯೋಕೆ ಕೂತ್ರೆ ಅವರೇ ಬಂದು ಕೂತ್ಕೋತಾರೆ. ಅವರ ನಗು, ಅವರ ಕೆಮ್ಮು. ನಾನು ಹೇಗೆ ಬರೀತಿದ್ದೆ ಅನ್ನೋದೇ ಮರೆತುಹೋಗಿದೆ.”

ಸಂಪಾದಕರ ಆ ಉತ್ತರ ಬಂದು ಒಂದೆರಡು ದಿನ ಕಳೆದವು. ಆಮೇಲೊಂದು ಮಧ್ಯಾಹ್ನ ಅವನು ಓದತೊಡಗಿದ. ಕೇಳುತ್ತಾ ಕೇಳುತ್ತಾ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಮ್ಮ ಅಮ್ಮನ ಬಗ್ಗೆ ಬರೆದಿದ್ದ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಒಣಗಿದ ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮಡಿಸುತ್ತಾ ದೇವರ ಪದ್ಯ ಹೇಳುತ್ತಿದ್ದಳು. ನನ್ನ ಭಕ್ತಿ, ನನ್ನ ವಿದ್ಯೆ, ಎಲ್ಲವೂ ಹಾಗೆ ಕೇಳಿಸಿಕೊಂಡದ್ದೇ. ತಮ್ಮ ಆಗ ಕೂಸು, ಬೆಚ್ಚಗಿನ ಬಟ್ಟೆಯ ರಾಶಿಯಲ್ಲಿ ಮಲಗಿರುತ್ತಿದ್ದ. ಕೊನೆಯ ಹೊದಿಕೆಗೆ ಅಮ್ಮ ತಾನೇ ಕಟ್ಟಿದ ಪದ್ಯವೊಂದಿತ್ತು. ಆ ಹಾಸಿಗೆಯಲ್ಲಿ ಮಲಗುವವರಿಗಾಗಿ ಬೇಡಿಕೊಂಡದ್ದು. ಅದನ್ನು ಪೂರ್ತಿ ಬಲ್ಲವಳು ಈಗ ನಾನೊಬ್ಬಳೇ.

ಲೇಖನದಲ್ಲಿ ಅಂಕಣಕಾರರ ನಗುವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಇವನೇ ಇದ್ದ.

“ಅಕ್ಕಾ, ಕೇಳಿಸ್ತಾ?” ಎಂದು ಗೋಡೆ ತಟ್ಟಿದ. “ಇದನ್ನ ನನ್ನ ಹೆಸರಲ್ಲೇ ಕಳಿಸ್ತೀನಿ.”

“ಕಳಿಸು, ಮಗನೇ” ಎಂದೆ. ಅವನನ್ನು ಹಾಗೆ ಕರೆದು ಎಷ್ಟೋ ವರ್ಷವಾಗಿತ್ತು.

ಮರುದಿನ ಬೆಳಿಗ್ಗೆ ಅಂಕಣಕಾರರ ಫೋನು ಬಂತು. ಗೋಡೆಯಾಚೆಯ ಅರ್ಧ ಮಾತು ಮಾತ್ರ ನನಗೆ ಕೇಳುತ್ತಿತ್ತು. “ಈ ವಾರದ್ದು ಇನ್ನೂ ಆಗಿಲ್ಲ ಸರ್... ಇಲ್ಲ ಸರ್, ಅಮ್ಮನ ಬಗ್ಗೆ ಬರೆದದ್ದು ನಂದು... ಬಾಯಿತಪ್ಪಿ ಹೇಳಿದ್ದೆ ಅಷ್ಟೇ... ಹಾಗಲ್ಲ ಸರ್, ಬೇರೆಯವರನ್ನ ಯಾಕೆ ನೋಡ್ತೀರಿ...” ಆಮೇಲೆ ಬರೀ “ಸರಿ ಸರ್, ಸರಿ ಸರ್.”

ಕುರ್ಚಿ ಸರಿದ ಸದ್ದಾಯಿತು. ಬಾಗಿಲ ಸಂದಿಯಿಂದ ತಮ್ಮ ಅಡ್ಡಡ್ಡ ಹೊರಗೆ ಬಂದು ನನ್ನೆದುರು ನಿಂತ.

“ಅಕ್ಕಾ, ಅಮ್ಮನ ಆ ಕೊನೇ ಪದ್ಯ ಹೇಳು. ನಂಗೆ ಅರ್ಧಂಬರ್ಧ ನೆನಪು. ಬರ್ಕೋತೀನಿ.”

“ಯಾರ ಹೆಸರಲ್ಲಿ ಬರುತ್ತೋ ಅದು?”

ಅವನು ನನ್ನ ಮುಖ ನೋಡಲಿಲ್ಲ. “ಇದೊಂದು ಸಲ. ಸಂಜೆಯೊಳಗೆ ಕೊಡದಿದ್ರೆ ಅಂಕಣ ಬೇರೆಯವನಿಗೆ ಹೋಗುತ್ತೆ. ಆಮೇಲೆ ಆ ನಾಲ್ಕು ಕಾಸೂ ಇಲ್ದೆ ಭಾವನ ಮುಂದೆ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂತ್ಕೊಳ್ಳಲಿ?”

“ಅಂದ್ರೆ ನಮ್ಮಮ್ಮ ಅವರಿಗೆ ಅಮ್ಮ ಆಗ್ತಾಳೆ.”

“ಓದೋರಿಗೆ ಯಾರ ಅಮ್ಮ ಆದ್ರೇನಕ್ಕಾ?”

“ಪದ್ಯದ ಕೊನೇ ಸಾಲಲ್ಲಿ ಅವಳ ಹೆಸರಿದೆಯಲ್ಲೋ.”

“ಅದನ್ನೂ ಹೇಳಿದೆ.” ಅವನ ದನಿ ಇಳಿಯಿತು. “ಅಲ್ಲಿಗೆ ತಮ್ಮ ತಾಯಿ ಹೆಸರು ಹಾಕ್ಕೋತಾರಂತೆ. ಛಂದಸ್ಸಿಗೆ ಸರಿಹೋಗುತ್ತಂತೆ.”

ಹಜಾರದಿಂದ ಯಜಮಾನರು ಕೂಗಿದರು. “ಏನ್ರೀ ಅಕ್ಕ-ತಮ್ಮ, ಕವಿಗೋಷ್ಠಿನಾ? ಚಹಾ ಉಂಟೋ ಇಲ್ವೋ?”

ತಮ್ಮ ಪೆನ್ನಿನ ಮುಚ್ಚಳ ತೆಗೆದು ಕಾದ. ಪದ್ಯ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಮೊದಲ ಅಕ್ಷರದಿಂದ ಅಮ್ಮನ ಹೆಸರಿನವರೆಗೂ.

“ಹೇಳು ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ.”

“ಬಿದ್ರೂ ಹೇಳಲ್ಲ” ಎಂದೆ.