ಹೊಟ್ಟಿನ ಬಿಲ್ಲೆಗೆ ಒಂದು ಚೆಂಬು ನೀರು

ಎಣ್ಣೆ ಗಿರಣಿಯ ಸೊಸೆಗೆ ಬೆಳಗಿನಿಂದ ತಲೆ ಕೆಟ್ಟುಹೋಗಿತ್ತು. ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಸೂರ್ಯಕಾಂತಿ ಬೀಜದ ಹೊಟ್ಟು ಛಾವಣಿ ಮುಟ್ಟುವಷ್ಟು ಬಿದ್ದಿತ್ತು. ಅದನ್ನು ಒತ್ತಿ, ಸೌದೆಯ ಬದಲು ಉರಿಸುವ ಬಿಲ್ಲೆ ಮಾಡುತ್ತೇನೆಂದು ಹಟ ಹಿಡಿದು, ಗೆಳತಿಯಿಂದ ಒಂದು ವಾರದ ಮಟ್ಟಿಗೆ ಯಂತ್ರ ತಂದವಳು ಅವಳೇ. ಇವತ್ತು ಕೊನೆಯ ದಿನ. ಸಂಜೆ ನಾಲ್ಕಕ್ಕೆ ಬೇಕರಿಯವನು ನೋಡಲು ಬರುತ್ತಾನೆ. ಅವನು ಒಪ್ಪಿದರೆ ಯಂತ್ರ ಇಲ್ಲೇ ಉಳಿಯುತ್ತದೆ. ಇಲ್ಲವಾದರೆ ಯಂತ್ರವೂ ಹೋಯಿತು, ಮನೆಯಲ್ಲಿ ಅವಳ ಮಾತಿಗಿದ್ದ ತೂಕವೂ ಹೋಯಿತು.

ಬಿಲ್ಲೆಗಳೋ, ಯಂತ್ರದ ಬಾಯಿಂದ ದುಂಡುದುಂಡಗೆ ಬಲು ಗತ್ತಿನಿಂದ ಬಂದು, ಕೈಗೆತ್ತಿಕೊಂಡ ಕೂಡಲೇ ಪುಡಿಪುಡಿ.

"ಇನ್ನೂ ಒಣಗ್ಬೇಕು ಕಣೇ," ಎಂದ ಗಂಡ. ಇಪ್ಪತ್ತು ವರ್ಷ ಗಿರಣಿ ನಡೆಸಿದವನು. ತೇವ ಅಂದರೆ ಅವನಿಗೆ ಹುಟ್ಟಾ ವೈರಿ. ಬೀಜಕ್ಕೆ ನೀರು ತಾಗಿದರೆ ಎಣ್ಣೆ ಕೆಡುತ್ತದೆಂದು ಗಿರಣಿಯ ಬಾಗಿಲ ಹಲಗೆಯ ಮೇಲೆ "ಒಳಗೆ ನೀರು ತರಕೂಡದು" ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಅವನ ಮಾತು ನಂಬಿ ಅವಳು ಆರು ದಿನ ಹೊಟ್ಟನ್ನು ಬಿಸಿಲಿಗೆ ಹರಡಿದ್ದೇ ಹರಡಿದ್ದು, ತಿರುವಿದ್ದೇ ತಿರುವಿದ್ದು. ಒಣಗಿದಷ್ಟೂ ಬಿಲ್ಲೆ ಇನ್ನೂ ಬೇಗ ಉದುರುತ್ತಿತ್ತು.

ಸಾಕಾಗಿ ಮನೆಯೊಳಗೆ ಹೋದರೆ ಅತ್ತೆ ಇಸ್ತ್ರಿ ಹಾಕುತ್ತಿದ್ದರು. ಮಗನ ಅಂಗಿಯ ಮೇಲೆ ನೀರು ಚಿಮುಕಿಸಿ ಒತ್ತಿದರು. ಮಡಿಕೆ ನೆಟ್ಟಗೆ ಕೂತಿತು.

"ನೀರು ಹಾಕದಿದ್ರೆ ಕೂರಲ್ವಾ ಅತ್ತೆ?"

"ಒಣ ಬಟ್ಟೆ ನನ್ನ ಮಗನ ಥರ ಕಣಮ್ಮ, ಹೇಳಿದ್ದು ಕೇಳಲ್ಲ. ಸ್ವಲ್ಪ ತೇವ ಮಾಡಿ, ಆಮೇಲೆ ಬಿಸಿ ಮುಟ್ಟಿಸ್ಬೇಕು."

ಸೊಸೆ ನಿಂತಲ್ಲೇ ನಿಂತಳು. ಆ ಯಂತ್ರವೂ ಬಿಸಿ ಮಾಡಿಯೇ ಒತ್ತುವುದಲ್ಲವೇ! ಅತ್ತೆಯ ಪಕ್ಕದಲ್ಲಿದ್ದ ಚೆಂಬನ್ನು ಎತ್ತಿಕೊಂಡು ಗಿರಣಿಗೆ ಓಡಿದಳು.

"ಅಯ್ಯಯ್ಯೋ, ನೀರು!" ಗಂಡ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ಆರು ದಿನ ನಿಮ್ಮ ಮಾತು ಕೇಳಿದ್ದೀನಿ. ಈಗ ಒಂದು ಗಂಟೆ ನನ್ನ ಮಾತು ಕೇಳಿ. ನಾನು ಹಿಂಡೋಕೆ ಹೊರಟಿರೋದು ಎಣ್ಣೆ ಅಲ್ಲ ರೀ!"

ಹಿಂದೆಯೇ ಬಂದ ಅತ್ತೆ, "ಸರಿಯೋ ಆ ಕಡೆ," ಎಂದರು. ಅವನು ಸರಿದ. ಸೊಸೆ ಹೊಟ್ಟಿನ ಮೇಲೆ ನೀರು ಚಿಮುಕಿಸಿ, ಹದವಾಗಿ ಕಲಸಿ ಯಂತ್ರಕ್ಕೆ ಸುರಿದಳು.

ನಾಲ್ಕಕ್ಕೆ ಬೇಕರಿಯವನು ಬಂದ. ಬಿಲ್ಲೆಯನ್ನು ಮೂಸಿದ, ಉಗುರಿನಿಂದ ಕೆರೆದ, ಹೆಗಲೆತ್ತರದಿಂದ ನೆಲಕ್ಕೆ ಬಿಟ್ಟ. ಸೊಸೆ ಕಣ್ಣು ಮುಚ್ಚಿಕೊಂಡಳು. ಟಕ್ಕೆಂದು ಬಿದ್ದ ಬಿಲ್ಲೆ ಉರುಳುತ್ತಾ ಹೋಗಿ ಗಂಡನ ಕಾಲ ಬುಡದಲ್ಲಿ ನಿಂತಿತು. ಒಂದು ಚೂರೂ ಉದುರಿರಲಿಲ್ಲ. ಬೇಕರಿಯವನು ಎರಡು ಮೂಟೆ ಹೊತ್ತುಕೊಂಡು ಹೋದ. ಕತ್ತಲಾಗುವ ಮುಂಚೆ ಬಿಸಿ ಬ್ರೆಡ್ಡಿನೊಂದಿಗೆ ಅವನೇ ತಿರುಗಿ ಬಂದು, "ಒಲೆ ಚೆನ್ನಾಗಿ ಕಾಯ್ತು ಅಕ್ಕಾ, ಪ್ರತಿ ವಾರ ಕಳಿಸಿ," ಎಂದ. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮರುದಿನ ಬೆಳಿಗ್ಗೆ ಗಂಡ ತುಂಬಿದ ಚೆಂಬು ಹಿಡಿದು ಗಿರಣಿಯ ಬಾಗಿಲಲ್ಲಿ ಕಾಯುತ್ತಿದ್ದ. ಹಲಗೆಯಲ್ಲಿ ಹಳೆಯ ಸಾಲಿನ ಕೆಳಗೆ ಹೊಸ ಸೀಮೆಸುಣ್ಣದ ಸಾಲೊಂದಿತ್ತು: "ಹೊಟ್ಟಿನ ಶೆಡ್ಡಿಗೆ ತರಬಹುದು. ಅಲ್ಲಿ ನನ್ನ ಹೆಂಡತಿ ಹೇಳಿದ್ದೇ ಕಾಯಿದೆ."